ಕಸದ ಡಬ್ಬಿಯಿಂದ ಹಾನ್ಲೆವರೆಗೆ: ಗಾಮಾ ಕಿರಣ ಹಿಡಿದ ಕಥೆ

1912ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿಲೋಮೀಟರ್ ಎತ್ತರಕ್ಕೆ ಏರಿದರು. ಮೇಲಕ್ಕೆ ಹೋದಂತೆ ಅವರ ಉಪಕರಣದಲ್ಲಿ ವಿಕಿರಣದ ಪ್ರಮಾಣ ಹೆಚ್ಚುತ್ತಾ ಹೋಯಿತು. ಅಂದರೆ ಅದು ನೆಲದಿಂದ ಬರುತ್ತಿರಲಿಲ್ಲ, ಆಕಾಶದಿಂದ ಬರುತ್ತಿತ್ತು. ಅದನ್ನೇ ನಾವು ಕಾಸ್ಮಿಕ್ ಕಿರಣ ಎನ್ನುತ್ತೇವೆ.

ಆಕಾಶದಲ್ಲಿ ಎಲ್ಲಿಂದ ಬರುತ್ತದೆ? ಈ ಪ್ರಶ್ನೆ ಬಹಳ ವರ್ಷ ಹಾಗೇ ಉಳಿಯಿತು. ಕಾಸ್ಮಿಕ್ ಕಿರಣ ಎಂದರೆ ವಿದ್ಯುತ್ ಆವೇಶ ಇರುವ ಕಣಗಳು. ಬಾಹ್ಯಾಕಾಶದ ಕಾಂತಕ್ಷೇತ್ರಗಳು ಅವುಗಳ ದಾರಿಯನ್ನು ತಿರುಚಿಬಿಡುತ್ತವೆ. ಸುಂಟರಗಾಳಿಗೆ ಸಿಕ್ಕ ತರಗೆಲೆ ಅಂಗಳಕ್ಕೆ ಬಿದ್ದಾಗ ಅದು ಯಾವ ದಿಕ್ಕಿನಿಂದ ಬಂತೆಂದು ಹೇಳಲಾದೀತೇ? ಗಾಮಾ ಕಿರಣ ಹಾಗಲ್ಲ. ಅದೂ ಬೆಳಕಿನ ಜಾತಿಯದೇ, ನೆಟ್ಟಗೆ ಬರುತ್ತದೆ. ಕಾಸ್ಮಿಕ್ ಕಿರಣ ಹುಟ್ಟುವ ಜಾಗದಲ್ಲೇ ಗಾಮಾ ಕಿರಣವೂ ಹುಟ್ಟುವುದರಿಂದ, ಅದರ ಬೆನ್ನು ಹತ್ತಿದರೆ ಮೂಲ ಸಿಗಬಹುದು ಎಂಬುದು ವಿಜ್ಞಾನಿಗಳ ಲೆಕ್ಕಾಚಾರವಾಗಿತ್ತು.

ತೊಡಕು ಎರಡು. ನಮ್ಮ ವಾತಾವರಣ ಗಾಮಾ ಕಿರಣವನ್ನು ನೆಲ ಮುಟ್ಟಲು ಬಿಡುವುದಿಲ್ಲ. ಉಪಗ್ರಹ ಕಳಿಸಿ ಹಿಡಿಯೋಣವೆಂದರೆ, ಕಣ್ಣಿಗೆ ಕಾಣುವ ಬೆಳಕಿಗಿಂತ ಲಕ್ಷ ಕೋಟಿ ಪಟ್ಟಿನಷ್ಟು ಶಕ್ತಿಯ ಗಾಮಾ ಕಿರಣಗಳು ಬರುವುದೇ ಬಲು ಅಪರೂಪ. ಉಪಗ್ರಹದ ಪುಟ್ಟ ಉಪಕರಣಕ್ಕೆ ಅವು ಸಿಕ್ಕುವುದು ಕಷ್ಟ.

ಗಾಳಿಯೇ ಬಲೆ

ದಾರಿ ತೋರಿಸಿದ್ದು ಒಂದು ನೀಲಿ ಬೆಳಕು. 1934ರಲ್ಲಿ ರಷ್ಯಾದ ಪಾವೆಲ್ ಚೆರೆಂಕೋವ್ ಅದನ್ನು ದ್ರವದಲ್ಲಿ ಕಂಡರು. ನೀರು, ಗಾಳಿಯಂಥ ವಸ್ತುವಿನೊಳಗೆ ಬೆಳಕಿನ ವೇಗ ತುಸು ತಗ್ಗುತ್ತದೆ. ಅಲ್ಲಿ ಬೆಳಕನ್ನೂ ಹಿಂದೆ ಹಾಕಿ ಒಂದು ಕಣ ಓಡಿದರೆ ನೀಲಿ ಹೊಳಪು ಹೊಮ್ಮುತ್ತದೆ.

ಗಾಮಾ ಕಿರಣ ವಾತಾವರಣಕ್ಕೆ ಬಡಿದಾಗ ಒಂದು ಕಣ ಎರಡಾಗಿ, ಎರಡು ನಾಲ್ಕಾಗಿ ಕಣಗಳ ಸುರಿಮಳೆಯೇ ಹುಟ್ಟುತ್ತದೆ. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಅದು ಜೋರಾಗಿರುತ್ತದೆ. ಆ ಕಣಗಳು ಹೊಮ್ಮಿಸುವ ನೀಲಿ ಹೊಳಪು ನೆಲದ ಮೇಲೆ ಹತ್ತು ಎಕರೆಗೂ ಹೆಚ್ಚು ಜಾಗಕ್ಕೆ ಹರಡುತ್ತದೆ. ಆ ಹತ್ತು ಎಕರೆಯೊಳಗೆ ಎಲ್ಲೇ ದೂರದರ್ಶಕ ಇಟ್ಟರೂ ಸುಳಿವು ಸಿಕ್ಕೀತು. ಆದರೆ ಆ ಹೊಳಪು ಇರುವುದು ಒಂದು ಸೆಕೆಂಡಿನ ಕೆಲವೇ ನೂರು ಕೋಟಿ ಭಾಗದಷ್ಟು ಹೊತ್ತು.

1948ರಲ್ಲಿ ಬ್ರಿಟನ್ನಿನ ಪ್ಯಾಟ್ರಿಕ್ ಬ್ಲ್ಯಾಕೆಟ್, ರಾತ್ರಿ ಆಕಾಶದ ಬೆಳಕಿನಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲು ಈ ಬಗೆಯದು ಎಂದು ಲೆಕ್ಕ ಹಾಕಿದರು. 1952ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬಿಲ್ ಗ್ಯಾಲ್‌ಬ್ರೇತ್ ಮತ್ತು ಜಾನ್ ಜೆಲ್ಲಿ ಅದನ್ನು ಹಿಡಿಯಲು ಹೊರಟರು. ಅವರ ಸಲಕರಣೆ ಎಂದರೆ 25 ಸೆಂಟಿಮೀಟರಿನ ಒಂದು ಕನ್ನಡಿ, ಬೆಳಕಿನ ಮಿಣುಕು ಗುರುತಿಸುವ ಒಂದು ಕೊಳವೆ, ಇವೆರಡನ್ನೂ ಇಡಲು ಒಂದು ಕಸದ ಡಬ್ಬಿ. ಅಷ್ಟರಲ್ಲೇ ಹೊಳಪು ಸಿಕ್ಕಿತು.

ಕಾಳು ಸಿಗಲು 37 ವರ್ಷ

ಹೊಳಪು ಸಿಕ್ಕಿತು, ಗಾಮಾ ಕಿರಣ ಸಿಗಲಿಲ್ಲ. ಕಾಸ್ಮಿಕ್ ಕಿರಣಗಳೂ ಅಂಥದೇ ಹೊಳಪು ಹುಟ್ಟಿಸುತ್ತವೆ, ಅವೋ ನೂರಾರು ಪಟ್ಟು ಹೆಚ್ಚು. ರಾಶಿ ಜೊಳ್ಳಿನಲ್ಲಿ ನಾಲ್ಕು ಕಾಳು ಹುಡುಕುವ ಕೆಲಸ. 1960ರ ದಶಕದ ಮೊದಲಲ್ಲಿ ಸೋವಿಯತ್ ವಿಜ್ಞಾನಿ ಚುಡಾಕೋವ್ ಕ್ರಿಮಿಯಾದಲ್ಲಿ 12 ಕನ್ನಡಿ ನಿಲ್ಲಿಸಿ ನೋಡಿದರು. ಏನೂ ಸಿಗಲಿಲ್ಲ. 1968ರಲ್ಲಿ ಅಮೆರಿಕದ ಅರಿಜೋನಾದ ಬೆಟ್ಟದ ಮೇಲೆ 10 ಮೀಟರ್ ಅಗಲದ ವ್ಹಿಪಲ್ ದೂರದರ್ಶಕ ಎದ್ದು ನಿಂತಿತು. ಅದಕ್ಕೂ ಬಹುಕಾಲ ಖಚಿತವಾದದ್ದು ಸಿಗಲಿಲ್ಲ. ನಡುವೆ ಸಿಗ್ನಸ್ ಎಕ್ಸ್-3 ಎಂಬ ಮೂಲ ಸಿಕ್ಕಿತೆಂದು ಹಲವರು ಹೇಳಿದರು, ಅದು ನಿಲ್ಲಲಿಲ್ಲ.

ಜರಡಿ ಕೊಟ್ಟದ್ದು ಇಂಗ್ಲೆಂಡಿನ ಮೈಕೆಲ್ ಹಿಲ್ಲಾಸ್. 1985ರಲ್ಲಿ ಅವರು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದು ಇಷ್ಟು: ಗಾಮಾ ಕಿರಣದ ಹೊಳಪಿನ ಚಿತ್ರ ಸಣ್ಣ, ನೀಳ, ಮೂಲದ ಕಡೆಗೇ ಮುಖ ಮಾಡಿರುತ್ತದೆ. ಕಾಸ್ಮಿಕ್ ಕಿರಣದ್ದು ಅಗಲ, ಚೆಲ್ಲಾಪಿಲ್ಲಿ. ಟ್ರೆವರ್ ವೀಕ್ಸ್ ತಂಡ ವ್ಹಿಪಲ್‌ಗೆ 37 ಚುಕ್ಕಿಗಳ ಕ್ಯಾಮೆರಾ ಹಾಕಿ ಈ ಜರಡಿಯಲ್ಲಿ ಸೋಸಿತು. 1989ರಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಮೊದಲ ಮೂಲ ಸಿಕ್ಕಿತು. ಅದು ಏಡಿ ನೀಹಾರಿಕೆ, 1054ರಲ್ಲಿ ಚೀನಾದವರು ಹಗಲಲ್ಲೂ ಕಂಡಿದ್ದ ನಕ್ಷತ್ರ ಸ್ಫೋಟದ ಅವಶೇಷ. ಈಗ ಇಂಥ ಮೂಲಗಳು 200ಕ್ಕೂ ಹೆಚ್ಚು ಗೊತ್ತಾಗಿವೆ.

ನಮ್ಮವರ ಪಾಲು

ಭಾರತವೂ ಮೊದಲಿನಿಂದ ಈ ಹುಡುಕಾಟದಲ್ಲಿದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಕೆಜಿಎಫ್ ಚಿನ್ನದ ಗಣಿಯ ಆಳದಲ್ಲಿ ಕಾಸ್ಮಿಕ್ ಕಿರಣ ಅಳೆದವರು. ಊಟಿಯ ಕಾಸ್ಮಿಕ್ ಕಿರಣ ಪ್ರಯೋಗಾಲಯ ಕಟ್ಟಿದವರಲ್ಲೂ ಅವರಿದ್ದರು. 1960ರ ದಶಕದ ಕೊನೆಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಊಟಿಯಲ್ಲೇ ಗಾಮಾ ಕಿರಣಕ್ಕಾಗಿ ಕನ್ನಡಿ ನಿಲ್ಲಿಸಿದರು. ಆಮೇಲೆ ಅವರ ಕೆಲಸ ಮಧ್ಯಪ್ರದೇಶದ ಪಚ್‌ಮಢಿಗೆ ಹೋಯಿತು. ಭಾಭಾ ಅಣು ಸಂಶೋಧನಾ ಕೇಂದ್ರ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ತನ್ನ ದೂರದರ್ಶಕ ಕಟ್ಟಿತು.

ಕೊನೆಗೆ ಎಲ್ಲರೂ ಲಡಾಖಿನ ಹಾನ್ಲೆ ಹಳ್ಳಿಯ ಕಡೆ ತಿರುಗಿದರು. ಎತ್ತರ ಸುಮಾರು 4,300 ಮೀಟರ್. ಎತ್ತರಕ್ಕೆ ಹೋದಷ್ಟೂ ಹೊಳಪು ಹುಟ್ಟುವ ಜಾಗ ಹತ್ತಿರವಾಗುವುದರಿಂದ ಕಡಿಮೆ ಶಕ್ತಿಯ ಕಿರಣವನ್ನೂ ಹಿಡಿಯಬಹುದು. 2008ರಲ್ಲಿ ಟಾಟಾ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಸೇರಿ ಅಲ್ಲಿ ಏಳು ದೂರದರ್ಶಕಗಳ ಹಗರ್ ನಿಲ್ಲಿಸಿದವು. 2024ರ ಅಕ್ಟೋಬರ್‌ನಲ್ಲಿ 21 ಮೀಟರ್ ಅಗಲದ ಮೇಸ್ ಉದ್ಘಾಟನೆಯಾಯಿತು. ಅದರ ಕ್ಯಾಮೆರಾದಲ್ಲಿ 1,088 ಚುಕ್ಕಿಗಳಿವೆ. ಈ ಬಗೆಯ ದೂರದರ್ಶಕಗಳಲ್ಲಿ ಇದು ಏಷ್ಯಾಕ್ಕೇ ದೊಡ್ಡದು.

ಆದರೆ ಹತ್ತು ಸಾವಿರಕ್ಕೆ ಒಂದು ಪಾಲಿನ ಆ ಹೊಳಪು ಕಾಣಬೇಕಾದರೆ ಉಳಿದ ಬೆಳಕು ಕಡಿಮೆ ಇರಬೇಕು. ಬೀದಿಗೊಂದು ಕಣ್ಣು ಕೋರೈಸುವ ದೀಪ ಬಂದರೆ ಕೋಟಿಗಟ್ಟಲೆ ರೂಪಾಯಿಯ ಕನ್ನಡಿ ಕುರುಡಾದಂತೆ. ಅದಕ್ಕೇ 2022ರಲ್ಲಿ ಹಾನ್ಲೆ ಸುತ್ತಲಿನ ಪ್ರದೇಶವನ್ನು ಕತ್ತಲೆ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಮನೆಯ ಬೆಳಕು ಹೊರಗೆ ಹೋಗದಂತೆ ಅಲ್ಲಿನವರು ಕಿಟಕಿಗೆ ದಪ್ಪ ಪರದೆ ಹಾಕುತ್ತಾರೆ. ಊರಿನ ಯುವಕ ಯುವತಿಯರು ತರಬೇತಿ ಪಡೆದು, ಬಂದ ಪ್ರವಾಸಿಗರಿಗೆ ಚಿಕ್ಕ ದೂರದರ್ಶಕದಲ್ಲಿ ಆಕಾಶ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಅಲ್ಲಿ ಕತ್ತಲು ಕಾಯುವುದೂ ಈಗ ಒಂದು ಕಸುಬು.