ಹಂಬೋಲ್ಟ್ ಬ್ರಾಂಕೋಸ್

ಹಂಬೋಲ್ಟ್ ಬ್ರಾಂಕೋಸ್ ಕೆನಡಾ ದೇಶದ ಸಸ್ಕ್ಯಾಚೆವಾನ್ ಪ್ರಾಂತ್ಯದ ಹಂಬೋಲ್ಟ್ ಪಟ್ಟಣದ ಕಿರಿಯರ ಐಸ್ ಹಾಕಿ ತಂಡ. 1970ರಲ್ಲಿ ಸ್ಥಾಪನೆಯಾದ ಇದು ಸಸ್ಕ್ಯಾಚೆವಾನ್ ಜೂನಿಯರ್ ಹಾಕಿ ಲೀಗ್‌ನಲ್ಲಿ ಆಡುತ್ತದೆ. 'ಬ್ರಾಂಕೋ' ಎಂದರೆ ಪಳಗಿಸದ ಕುದುರೆ. ಹಸಿರು ಮತ್ತು ಹೊಂಬಣ್ಣ ತಂಡದ ಗುರುತು. ತವರಿನ ಅಂಗಣ ಎಲ್ಗರ್ ಪೀಟರ್ಸನ್ ಅರೀನಾ.

ಹಿನ್ನೆಲೆ

ಹಂಬೋಲ್ಟ್‌ನ ಜನಸಂಖ್ಯೆ ಸುಮಾರು 6,000. ಇಂತಹ ಸಣ್ಣ ಊರುಗಳಲ್ಲಿ ಚಳಿಗಾಲದ ಸಾರ್ವಜನಿಕ ಜೀವನವೆಲ್ಲ ಹಿಮದಂಗಳದ ಸುತ್ತಲೇ ನಡೆಯುತ್ತದೆ. ಆಟಗಾರರು 16ರಿಂದ 20ರ ಆಸುಪಾಸಿನ ತರುಣರು. ದೂರದಿಂದ ಬಂದವರು ಸ್ಥಳೀಯ ಕುಟುಂಬಗಳಲ್ಲಿ ಮನೆಮಕ್ಕಳಂತೆ ಇದ್ದು ಆಡುತ್ತಾರೆ. ಈ ಪದ್ಧತಿಯನ್ನು ತಿಳಿಯದೆ ಊರಿಗೂ ತಂಡಕ್ಕೂ ಇರುವ ನಂಟು ಅರ್ಥವಾಗುವುದಿಲ್ಲ.

ತಂಡವು 2003ರಲ್ಲಿ ಮತ್ತು 2008ರಲ್ಲಿ ರಾಷ್ಟ್ರೀಯ ಪ್ರಶಸ್ತಿಯಾದ ರಾಯಲ್ ಬ್ಯಾಂಕ್ ಕಪ್ ಗೆದ್ದಿತು. ಎರಡು ಅಂತಿಮ ಪಂದ್ಯಗಳಲ್ಲೂ ಎದುರಾಳಿ ಕ್ಯಾಮ್ರೋಸ್ ಕೋಡಿಯಾಕ್ಸ್. 2012ರ ಪಂದ್ಯಾವಳಿಗೆ ಹಂಬೋಲ್ಟ್ ಆತಿಥ್ಯ ವಹಿಸಿತು.

2018ರ ಅಪಘಾತ

2018ರ ಏಪ್ರಿಲ್ 6ರಂದು ತಂಡವು ನಿಪಾವಿನ್ ಹಾಕ್ಸ್ ವಿರುದ್ಧ ಸೆಮಿಫೈನಲ್ ಸರಣಿಯ ಐದನೆಯ ಪಂದ್ಯವಾಡಲು ಬಸ್ಸಿನಲ್ಲಿ ಹೊರಟಿತ್ತು. ಸರಣಿಯಲ್ಲಿ 1–3ರಿಂದ ಹಿಂದಿದ್ದ ತಂಡಕ್ಕೆ ಅಂದಿನ ಗೆಲುವು ಅನಿವಾರ್ಯವಾಗಿತ್ತು. ಆರ್ಮ್ಲೀ ಬಳಿ 35 ಮತ್ತು 335ನೇ ಹೆದ್ದಾರಿಗಳು ಕೂಡುವಲ್ಲಿ, ನಿಲುಗಡೆ ಫಲಕವನ್ನು ಲೆಕ್ಕಿಸದೆ ಬಂದ ಸರಕು ಲಾರಿ ಬಸ್ಸಿನ ದಾರಿಗೆ ಅಡ್ಡವಾಯಿತು. ಬಸ್ಸಿನಲ್ಲಿದ್ದ 29 ಮಂದಿಯಲ್ಲಿ 16 ಮಂದಿ ಮೃತಪಟ್ಟರು. 13 ಮಂದಿ ಗಾಯಗೊಂಡರು. ಮೃತರಲ್ಲಿ ಹತ್ತು ಮಂದಿ ಆಟಗಾರರು. ಮುಖ್ಯ ತರಬೇತುದಾರ ಡಾರ್ಸಿ ಹಾಗನ್, ಸಹಾಯಕ ತರಬೇತುದಾರ, ಚಿಕಿತ್ಸಕಿ, ಅಂಕಿಅಂಶ ದಾಖಲಿಸುತ್ತಿದ್ದ ಯುವಕ, ರೇಡಿಯೋ ವೀಕ್ಷಕವಿವರಣೆಗಾರ ಮತ್ತು ಚಾಲಕ ಉಳಿದವರು.

ಪ್ಲೇಆಫ್ ಪಂದ್ಯಗಳಿಗಾಗಿ ಹುಡುಗರು ಒಗ್ಗಟ್ಟಿನ ಸಂಕೇತವಾಗಿ ಕೂದಲಿಗೆ ಹೊಂಬಣ್ಣ ಹಚ್ಚಿಕೊಂಡಿದ್ದರು. ಗಾಯಗಳ ನಡುವೆ ಈ ಹೋಲಿಕೆಯೂ ಸೇರಿ ಗುರುತು ಹಿಡಿಯುವುದು ಕಠಿಣವಾಯಿತು. ಮೃತನೆಂದು ಘೋಷಿಸಲ್ಪಟ್ಟಿದ್ದ ಒಬ್ಬ ಬದುಕಿದ್ದಾನೆಂದೂ, ಬದುಕಿದ್ದಾನೆಂದು ನಂಬಲಾಗಿದ್ದ ಇನ್ನೊಬ್ಬ ಮೃತಪಟ್ಟಿದ್ದಾನೆಂದೂ ಬಳಿಕ ತಿಳಿಯಿತು. ಎರಡು ಕುಟುಂಬಗಳು ಅನುಭವಿಸಿದ್ದನ್ನು ಊಹಿಸುವುದೂ ಕಷ್ಟ.

ಪರಿಣಾಮ

ಕೆನಡಾದಾದ್ಯಂತ ಜನರು ಮನೆಬಾಗಿಲಲ್ಲಿ ಹಾಕಿ ಕೋಲುಗಳನ್ನಿರಿಸಿ ಶ್ರದ್ಧಾಂಜಲಿ ಸಲ್ಲಿಸಿದರು. ಸಂತ್ರಸ್ತರ ನಿಧಿಗೆ ಒಂದೂವರೆ ಕೋಟಿಗೂ ಹೆಚ್ಚು ಕೆನಡಿಯನ್ ಡಾಲರ್ ಸಂಗ್ರಹವಾಯಿತು. ಮೃತ ಆಟಗಾರರಲ್ಲೊಬ್ಬನಾದ ಲೋಗನ್ ಅಂಗಾಂಗ ದಾನಕ್ಕೆ ಮೊದಲೇ ನೋಂದಾಯಿಸಿದ್ದನು. ಆರು ಮಂದಿಗೆ ಅದರಿಂದ ನೆರವಾಯಿತು. ಈ ಸುದ್ದಿ ತಿಳಿದು ಒಂದು ಲಕ್ಷಕ್ಕೂ ಹೆಚ್ಚು ಜನರು ದಾನಿಗಳಾಗಿ ಹೆಸರು ಬರೆಸಿದರು. ಅವನ ನೆನಪಿಗೆ ಏಪ್ರಿಲ್ 7ನ್ನು 'ಹಸಿರು ಅಂಗಿ ದಿನ'ವಾಗಿ ಆಚರಿಸಲಾಗುತ್ತದೆ.

ಲಾರಿ ಚಾಲಕನು ತಪ್ಪೊಪ್ಪಿಕೊಂಡನು; ಮಾರ್ಚ್ 2019ರಲ್ಲಿ ಅವನಿಗೆ 8 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದೇ ತಿಂಗಳು ಸಸ್ಕ್ಯಾಚೆವಾನ್ ಸರಕಾರವು ಹೊಸ ಲಾರಿ ಚಾಲಕರಿಗೆ ಕನಿಷ್ಠ 121.5 ಗಂಟೆಗಳ ತರಬೇತಿಯನ್ನು ಕಡ್ಡಾಯಗೊಳಿಸಿತು.

ಪುನರಾರಂಭ

2018ರ ಸೆಪ್ಟೆಂಬರ್ 12ರಂದು ತಂಡವು ತವರಿನಂಗಣಕ್ಕೆ ಮರಳಿತು. ಎದುರಾಳಿ ಅದೇ ನಿಪಾವಿನ್ ಹಾಕ್ಸ್. ಬದುಕುಳಿದವರಲ್ಲಿ ಇಬ್ಬರು ಆ ತಂಡದಲ್ಲಿದ್ದರು. ಹಂಬೋಲ್ಟ್ 1–2ರಿಂದ ಸೋತಿತು.