ಕೂಸು ಹುಟ್ಟೋಕೆ ಮುಂಚೆ ಕುಲಾವಿ: ಹೊಸ ಅಪ್ಪನಿಗೆ ಕಿವಿಮಾತು ಹೇಳೋರು ಯಾರು?

ಇವತ್ತಿನ ಸಂಚಿಕೆ ಅಪ್ಪ ಆಗಿರೋರಿಗೆ, ಆಗ್ತಿರೋರಿಗೆ, ಮತ್ತೆ ಅಂಥವರನ್ನ ಮನೇಲಿ ಇಟ್ಕೊಂಡು ಸಂಭಾಳಿಸ್ತಿರೋರಿಗೆ.

‘ಕೂಸು ಹುಟ್ಟೋಕೆ ಮುಂಚೆ ಕುಲಾವಿ’ ಅನ್ನೋ ಗಾದೆ ನಿಮಗೆ ಗೊತ್ತೇ ಇದೆ. ಮುಂಚೇನೇ ತಯಾರಿ ಮಾಡ್ಕೊಳ್ಳೋರನ್ನ ಗೇಲಿ ಮಾಡೋ ಗಾದೆ ಇದು. ಆದ್ರೆ ಇಂಗ್ಲಿಷ್ ಪುಸ್ತಕದಂಗಡಿಗೆ ಹೋದ್ರೆ ಈ ಕುಲಾವಿಗೇ ಒಂದು ಕಪಾಟಿದೆ. ಹೊಸ ಅಪ್ಪಂದಿರನ್ನ ನಗಿಸ್ತಾ, ‘ಹೆದರಬೇಡ ಮಾರಾಯ, ನಿನ್ ಕೈಲಿ ಆಗುತ್ತೆ’ ಅಂತ ಧೈರ್ಯ ಹೇಳೋ ಪುಸ್ತಕಗಳು. 2004ರಲ್ಲಿ ಅಮೆರಿಕದಲ್ಲಿ ಬಂದ ‘ಬಿ ಪ್ರಿಪೇರ್ಡ್’ ಅನ್ನೋ ಪುಸ್ತಕವನ್ನ ಹಳೇ ಸ್ಕೌಟ್ ಹುಡುಗರ ಕೈಪಿಡಿ ಥರ, ಚಿತ್ರ ಬರೆದು ಮಾಡಿದ್ದಾರೆ. ಬ್ರಿಟನ್ನಿನಲ್ಲಿ ಕಾರು ರಿಪೇರಿ ಪುಸ್ತಕಗಳಿಗೆ ಹೆಸರಾದ ಹೇನ್ಸ್ ಪ್ರಕಾಶನ ಮಗುವಿಗೂ ಒಂದು ಮ್ಯಾನುವಲ್ ತಂತು. ಉಪಾಯ ಸರಳ: ಗಂಡಸಿಗೆ ಗೊತ್ತಿರೋ ಭಾಷೆಯಲ್ಲಿ ಗೊತ್ತಿಲ್ಲದ ಕೆಲಸ ಹೇಳಿಕೊಡೋದು.

ಅಲ್ಲೂ ಇದು ರಾತ್ರೋರಾತ್ರಿ ಆಗಿದ್ದಲ್ಲ. ಮಕ್ಕಳ ಡಾಕ್ಟರ್ ಬೆಂಜಮಿನ್ ಸ್ಪಾಕ್ 1946ರಲ್ಲಿ ಬರೆದ ಶಿಶುಪಾಲನೆಯ ಪುಸ್ತಕ ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾದವುಗಳಲ್ಲಿ ಒಂದು. ಅದರ ಮೊದಲ ಮುದ್ರಣದಲ್ಲಿ ಅಪ್ಪ ಆಗಾಗ ಬಾಟಲಿ ಹಿಡಿಯೋ ಸಹಾಯಕ, ಅಷ್ಟೇ. ಮಹಿಳಾ ಚಳವಳಿಯ ಟೀಕೆ ಕೇಳಿದ ಮೇಲೆ, 1976ರ ಪರಿಷ್ಕೃತ ಮುದ್ರಣದಲ್ಲಿ ಅಪ್ಪನ ಜವಾಬ್ದಾರಿಯೂ ಅಮ್ಮನಷ್ಟೇ ಅಂತ ಸ್ಪಾಕ್ ತಿದ್ದಿ ಬರೆದರು. ಸಹಾಯಕನಿಗೆ ಪ್ರಮೋಷನ್ ಸಿಗೋಕೆ 30 ವರ್ಷ ಬೇಕಾಯ್ತು.

ಈಗ ನಮ್ಮ ಕಪಾಟಿಗೆ ಬರೋಣ. ಕನ್ನಡದಲ್ಲಿ ಈ ಥರದ ಆರೋಗ್ಯದ ಪುಸ್ತಕ ಅಂದ ಕೂಡಲೇ ನೆನಪಾಗೋದು ಡಾ. ಅನುಪಮಾ ನಿರಂಜನ (1934–1991). ಡಾಕ್ಟರೂ ಹೌದು, ಕಾದಂಬರಿಕಾರ್ತಿಯೂ ಹೌದು. ‘ತಾಯಿ ಮಗು’, ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’ ಎಲ್ಲಾ ಅವರದ್ದೇ. ಲೇಡಿ ಡಾಕ್ಟರ್ ಹತ್ರ ಹೋಗೋದೇ ಕಷ್ಟವಾಗಿದ್ದ ಕಾಲದಲ್ಲಿ, ಬಾಯಿಬಿಟ್ಟು ಕೇಳೋಕೆ ನಾಚಿಕೆಯಾಗೋ ವಿಷಯಗಳನ್ನ ಹೆಣ್ಣುಮಕ್ಕಳಿಗೆ ಸೀದಾ ಕನ್ನಡದಲ್ಲಿ ಹೇಳಿದ ದೊಡ್ಡ ಕೆಲಸ ಅದು. ಆದ್ರೆ ಆ ಹೆಸರುಗಳನ್ನ ಇನ್ನೊಂದ್ಸಲ ಓದಿ. ಕಿಶೋರಿ ಇದ್ದಾಳೆ, ವಧು ಇದ್ದಾಳೆ, ತಾಯಿ ಇದ್ದಾಳೆ. ಕಿವಿಮಾತು ಬೇಕಾಗಿದ್ದು ವರನಿಗೂ ಅಲ್ವಾ?

ನಗಿಸೋರಿಗೆ ಬರ ಇತ್ತು ಅನ್ನೋಣ ಅಂದ್ರೆ ಅದೂ ಇಲ್ಲ. ‘ಕೊರವಂಜಿ’ ಹಾಸ್ಯ ಪತ್ರಿಕೆ 1942ರಿಂದ 1967ರವರೆಗೆ ನಡೀತು. ಅದನ್ನ ಕಟ್ಟಿದ ‘ರಾಶಿ’, ಅಂದ್ರೆ ಡಾ. ಎಂ. ಶಿವರಾಂ, ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಬಗ್ಗೆ ‘ಮನಮಂಥನ’ ಅನ್ನೋ ಪುಸ್ತಕವನ್ನೂ ಬರೆದವರು. ಅದೇ ಪತ್ರಿಕೆಯಲ್ಲಿ ಟಿ. ಸುನಂದಮ್ಮ ಮನೆವಾರ್ತೆಯನ್ನೇ ಹಾಸ್ಯ ಮಾಡಿ ಬರೀತಿದ್ರು. ಡಾಕ್ಟರ್ ಇದ್ರು, ಹಾಸ್ಯ ಇತ್ತು, ಓದೋ ಮನೆಗಳಿದ್ವು. ಹಾಗಾದ್ರೆ ಅಪ್ಪನ ಪುಸ್ತಕಕ್ಕೆ ಏನು ಕಮ್ಮಿ ಇತ್ತು?

ನನಗನ್ನಿಸೋ ಉತ್ತರ ಇದು: ಅಪ್ಪನೇ ಕೋಣೆಯೊಳಗೆ ಇರಲಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೇ ಪದ್ಧತಿ ನೋಡಿ. ಚೊಚ್ಚಲ ಹೆರಿಗೆ ತವರಲ್ಲಿ. ಬಾಣಂತಿ ಕೋಣೆ ಕತ್ತಲೆ, ಬೆಚ್ಚಗೆ, ಸಾಂಬ್ರಾಣಿ ಹೊಗೆ. ಕಾಲು ನೀಡಿ ಕೂತ ಅಜ್ಜಿ ಮಗುವನ್ನ ಮೊಣಕಾಲ ಮೇಲೆ ಮಲಗಿಸ್ಕೊಂಡು ಎಣ್ಣೆ ತಿಕ್ಕಿ ನೀರು ಹಾಕ್ತಾಳೆ. ಬಾಣಂತಿಗೆ ಕೊಬ್ಬರಿ, ಬೆಲ್ಲ, ತುಪ್ಪ. ಅಪ್ಪನಿಗೆ ಏನು ಕೆಲಸ? ನೋವು ಶುರುವಾದಾಗ ಅಲ್ಲೇ ಇದ್ರೆ ಸೂಲಗಿತ್ತಿಯನ್ನ ಕರ್ಕೊಂಡು ಬರೋದು, ಆಮೇಲೆ ಜಗಲಿ ಮೇಲೆ ಕೂರೋದು. ತಿಂಗಳಿಗೊಂದ್ಸಲ ಮಾವನ ಮನೆಗೆ ನೆಂಟನ ಹಾಗೆ ಬಂದು, ಮಗು ಮುಖ ನೋಡಿ, ಊಟ ಮಾಡಿ, ಬಸ್ ಹಿಡಿಯೋದು. ಮಗು ಎತ್ಕೊಳ್ಳೋಕೆ ಹೋದ್ರೆ ‘ನಿಂಗ್ ಬರಲ್ಲ, ಕೊಡು ಇಲ್ಲಿ’.

ಇದರಲ್ಲಿ ಒಳ್ಳೇದೂ ಇತ್ತು. ಹೆತ್ತವಳಿಗೆ ವಿಶ್ರಾಂತಿ ಸಿಗ್ತಿತ್ತು, ಕೈ ಪಳಗಿದ ಹೆಂಗಸರು ಸುತ್ತ ಇರ್ತಿದ್ರು. ಇದೇ ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಒಂದು ರೂಪಾಯಿ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಂಥವರು ಊರಲ್ಲಿದ್ರೆ ಅಪ್ಪನಿಗೆ ಪುಸ್ತಕ ಯಾಕೆ ಬೇಕು? ‘ಎಲ್ಲಾ ನಾವ್ ನೋಡ್ಕೋತೀವಿ, ನೀನ್ ಹೋಗಪ್ಪ’ ಅನ್ನೋದೇ ಅವನಿಗೆ ಸಿಗ್ತಿದ್ದ ಸಮಾಧಾನ. ಸಮಾಧಾನವೂ ಹೌದು, ಗೇಟ್‌ಪಾಸೂ ಹೌದು.

ಗಂಡಸು ಹೊರಗೇ ಉಳಿಯೋ ಪದ್ಧತಿಗೆ ಕೆಲವೊಮ್ಮೆ ಕೊಟ್ಟ ಬೆಲೆ ಬಹಳ ದೊಡ್ಡದು. ಈ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಲ್ಲಿ ಬಾಣಂತಿಯನ್ನೂ ಮಗುವನ್ನೂ ಊರಾಚೆ ಗುಡಿಸಲಲ್ಲಿ ಇಡ್ತಿದ್ರು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಹಾಗೆ ಹೊರಗಿದ್ದ ಒಂದು ಹಸುಗೂಸು ಮಳೆ, ಚಳಿಗೆ ಕಾಯಿಲೆಬಿದ್ದು ತೀರಿಹೋಯ್ತು. ಆ ಮನೆಯವರನ್ನ ಬೈಯೋಕೆ ಇದನ್ನ ಹೇಳ್ತಿಲ್ಲ. ‘ಇದು ನನಗೆ ಸಂಬಂಧಪಟ್ಟಿದ್ದಲ್ಲ’ ಅಂತ ಗಂಡಸಿಗೆ ಪೀಳಿಗೆಗಳಿಂದ ಕಲಿಸಿದ ಮೇಲೆ, ‘ಮಗು ನಡುಗ್ತಿದೆ, ಒಳಗೆ ಕರ್ಕೊಂಡು ಬರ್ತೀನಿ’ ಅನ್ನೋ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ಈಗ ಕಾಲ ಬದಲಾಗಿದೆ. 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಹೆರಿಗೆ ಮಾತ್ರ ಆಸ್ಪತ್ರೆಯಲ್ಲಿ ಆಗ್ತಿತ್ತು. 2019–21ಕ್ಕೆ ಅದು ಶೇ 97. ಸೂಲಗಿತ್ತಿ ಹೋದ್ರು, ಅಜ್ಜಿಗೆ ಮಂಡಿನೋವು, ಮಗ ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಿದ್ದಾನೆ. ತವರಿನ ಬಾಣಂತನ ಮುಗಿಸ್ಕೊಂಡು ಬಂದ ಹೆಂಡತಿ, ಒಂದು ಮಗು, ಇವನು. ರಾತ್ರಿ ಎರಡು ಗಂಟೆ. ಕೂರೋಕೆ ಜಗಲಿಯೇ ಇಲ್ಲ.

ಕಾಗದದ ಮೇಲೆ ಮಾತ್ರ ಅಪ್ಪ ಇನ್ನೂ ಹೊರಗೇ ಇದ್ದಾನೆ. ಗರ್ಭಿಣಿಗೆ ಕೊಡೋದು ‘ತಾಯಿ ಕಾರ್ಡ್’. 2017ರಿಂದ ಹೆರಿಗೆ ರಜೆ 26 ವಾರ, ಒಳ್ಳೇದೇ ಆಯ್ತು. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 1997ರಿಂದ 15 ದಿನ ರಜೆ ಇದೆ. ಖಾಸಗಿ ಕಂಪನಿಯವನಿಗೆ ರಜೆ ಕೊಡಲೇಬೇಕು ಅನ್ನೋ ಕೇಂದ್ರ ಕಾನೂನೇ ಇಲ್ಲ. ಮ್ಯಾನೇಜರ್ ಮನಸ್ಸು ಮಾಡಬೇಕು.

ಹಾಗಾಗಿ ನಾನು ಒಂದು ಪುಸ್ತಕ ಕಲ್ಪಿಸ್ಕೋತಾ ಇದ್ದೀನಿ. ಹೇನ್ಸ್‌ನವರು ಕಾರಿನ ಭಾಷೆಯಲ್ಲಿ ಹೇಳಿದ್ರೆ, ನಮ್ಮ ಪುಸ್ತಕ ತೆಂಗಿನ ಭಾಷೆಯಲ್ಲಿ ಇರಲಿ.

ಒಂದನೇ ಅಧ್ಯಾಯ: ಕಾಯೋದು. ತಿಪಟೂರು ಸೀಮೆಯ ನೆಟ್ಟ ತೆಂಗು ಫಲ ಕೊಡೋಕೆ ಆರೆಂಟು ವರ್ಷ. ಹೊಂಬಾಳೆ ಒಡೆದು ಕಾಯಿ ಬಲಿಯೋಕೆ ಒಂದು ವರ್ಷ. ಅದನ್ನ ಅಟ್ಟಕ್ಕೆ ಹಾಕಿ ಉಂಡೆ ಕೊಬ್ಬರಿ ಆಗೋಕೆ ಇನ್ನೂ 8ರಿಂದ 12 ತಿಂಗಳು. ಇಷ್ಟು ತಾಳ್ಮೆ ಇರೋ ಜನಕ್ಕೆ ಒಂದು ಸಮಾಧಾನದ ಲೆಕ್ಕ: ಮಗುವಿನ ಅಳು ಎರಡನೇ ವಾರದಿಂದ ಏರ್ತಾ ಹೋಗಿ, ಆರನೇ ವಾರದ ಹೊತ್ತಿಗೆ ತುತ್ತತುದಿ ಮುಟ್ಟಿ, ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳಿಗೆ ಇಳಿಯುತ್ತೆ. ನೀವು ಏನೋ ತಪ್ಪು ಮಾಡ್ತಿದ್ದೀರಿ ಅಂತಲ್ಲ. ಮಕ್ಕಳು ಇರೋದೇ ಹಾಗೆ.

ಎರಡನೇ ಅಧ್ಯಾಯ: ಅಲ್ಲಾಡಿಸೋದು. ಕೊಬ್ಬರಿ ಆಗಿದೆಯಾ ಅಂತ ಕಾಯಿ ಅಲ್ಲಾಡಿಸಿ, ಒಳಗೆ ಗಿಟುಕಿನ ಸದ್ದು ಕೇಳಿ ತಿಳ್ಕೋತೀವಿ. ಕಾಯಿಗೆ ಸರಿ, ಮಗುವಿಗೆ ಯಾವತ್ತೂ ಬೇಡ. ಅಳು ನಿಲ್ಲಲಿಲ್ಲ ಅಂತ ಸಿಟ್ಟಲ್ಲಿ ಕುಲುಕಿದ್ರೆ ಮಿದುಳಲ್ಲಿ ರಕ್ತಸ್ರಾವ ಆಗಿ ಜೀವಕ್ಕೇ ಅಪಾಯ. ತಾಳ್ಮೆ ಕೆಟ್ಟಾಗ ಮಗುವನ್ನ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಎರಡು ನಿಮಿಷ ಆಚೆ ಬಂದು ಉಸಿರಾಡಿ. ಅದು ಸೋಲಲ್ಲ, ಬುದ್ಧಿವಂತಿಕೆ.

ಮೂರನೇ ಅಧ್ಯಾಯ: ‘ನಂಗ್ ಬರಲ್ಲ’. ಇಂಗು, ತೆಂಗು ಇದ್ರೆ ಮಂಗನೂ ಅಡುಗೆ ಮಾಡುತ್ತೆ ಅಂತಾರೆ. ಮಂಗನಿಗೆ ಆಗೋದು ಅಪ್ಪನಿಗೆ ಆಗಲ್ವಾ? ಹಾಲುಣಿಸೋದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಗಂಡಸಿನ ಕೈಲೂ ಆಗುತ್ತೆ: ತೇಗಿಸೋದು, ಬಟ್ಟೆ ಬದಲಿಸೋದು, ಸ್ನಾನ ಮಾಡಿಸೋದು, ನೋಡೋಕೆ ಬಂದ ನೆಂಟರನ್ನ ನಯವಾಗಿ ಕಳಿಸೋದು. ತೂಕ ಕಮ್ಮಿ ಇರೋ ಮಗುವನ್ನ ಬರೀ ಎದೆಗೆ ಒತ್ತಿ ಇಟ್ಕೊಳ್ಳೋ ‘ಕಾಂಗರೂ ಆರೈಕೆ’ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಯ್ತು. ಅದಕ್ಕೆ ಬೇಕಾಗಿರೋದು ಬೆಚ್ಚಗಿನ ಎದೆ. ಅಪ್ಪನ ಎದೆಯೂ ನಡೆಯುತ್ತೆ. ಡಾಕ್ಟರ್ ಅಥವಾ ನರ್ಸ್ ಹತ್ರ ಕೇಳಿ ಕಲೀರಿ.

ಕೊನೇ ಅಧ್ಯಾಯದಲ್ಲಿ ಮಾತ್ರ ಜೋಕ್ ಇರಲ್ಲ. ಹೆರಿಗೆ ಆದ ಮೇಲೆ ವಾರಗಟ್ಟಲೆ ಆಕೆ ಮಂಕಾಗಿದ್ರೆ, ಮಗು ಮಲಗಿದ್ರೂ ಆಕೆಗೆ ನಿದ್ದೆ ಬರದಿದ್ರೆ, ಇಲ್ಲದ್ದು ಕಾಣ್ತಿದೆ, ಕೇಳಿಸ್ತಿದೆ ಅಂದ್ರೆ, ತನಗೋ ಮಗುವಿಗೋ ಏನಾದ್ರೂ ಮಾಡ್ಕೋಬಹುದು ಅನ್ನಿಸಿದ್ರೆ, ‘ಎಲ್ಲಾ ಸರಿಹೋಗುತ್ತೆ’ ಅನ್ನೋ ಸಮಾಧಾನ ಸಾಲದು. ಕೊನೇ ಎರಡು ಲಕ್ಷಣ ಕಂಡ್ರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಅಂತ ಹೆಸರಿಟ್ಟು ಹೆದರ್ತಿದ್ದ ಕಾಯಿಲೆಗೆ ಇವತ್ತು ಚಿಕಿತ್ಸೆ ಇದೆ. ತಾಯಿ, ಮಗುವನ್ನ ಬೇರೆ ಮಾಡದೆ ನೋಡ್ಕೊಳ್ಳೋ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲೇ ಶುರುವಾಗಿದೆ. ಯಾರನ್ನ ಕೇಳೋದು ಅಂತ ಗೊತ್ತಾಗದಿದ್ರೆ ಸರ್ಕಾರದ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡ್ತಾರೆ. ಈ ಲಕ್ಷಣಗಳನ್ನ ಮೊದಲು ಗಮನಿಸಬಲ್ಲವನು ಅದೇ ಮನೇಲಿರೋ ಅಪ್ಪ. ಆದ್ರೆ ಅವನು ಕೋಣೆಯೊಳಗೆ ಇರಬೇಕು.

ಈ ಪುಸ್ತಕ ಯಾರಾದ್ರೂ ಬರೆಯೋವರೆಗೆ ಕಾಯಬೇಡಿ. ನಿಮ್ಮ ಗೆಳೆಯ ಯಾರಾದ್ರೂ ಇತ್ತೀಚೆಗೆ ಅಪ್ಪ ಆಗಿದ್ರೆ ‘ಪಾರ್ಟಿ ಯಾವಾಗ?’ ಅಂತ ಕೇಳೋ ಮುಂಚೆ ‘ನಿದ್ದೆ ಆಯ್ತಾ? ಅವಳು ಹೇಗಿದ್ದಾಳೆ?’ ಅಂತ ಕೇಳಿ. ಮುಂದಿನ ವಾರ ಸಿಗೋಣ.