ಗುಮ್ಮಟ ನಿಂತಿತು, ಆಕಾಶ ತಿರುಗಿತು

ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಶಾಲೆಯಿಂದ ಟ್ರಿಪ್ ಹೋಗಿದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ದೀಪಗಳು ಮೆಲ್ಲಗೆ ಆರುತ್ತವೆ. ಗದ್ದಲ ತಣ್ಣಗಾಗುತ್ತೆ. ಕತ್ತಲಾಗುತ್ತಿದ್ದ ಹಾಗೆ ತಲೆ ಮೇಲೆ ಸಾವಿರಾರು ನಕ್ಷತ್ರ! ಆಗ ಎಲ್ಲರೂ ಮೇಲೆ ನೋಡ್ತಾರೆ. ಇವತ್ತು ನಾವು ಸ್ವಲ್ಪ ಕೆಳಗೆ ನೋಡೋಣ, ಹಾಲ್‌ನ ನಡುವೆ ನಿಂತಿರುವ ಯಂತ್ರದ ಕಡೆಗೆ.

ಕಥೆ ಶುರುವಾಗೋದು 1913ರ ಜರ್ಮನಿಯಲ್ಲಿ. ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಕಟ್ಟಿದ ಆಸ್ಕರ್ ಫಾನ್ ಮಿಲ್ಲರ್ ಅವರಿಗೆ ಒಂದು ಆಸೆ. ಹಗಲಾಗಲಿ, ಮೋಡವಿರಲಿ, ಬಂದ ಜನಕ್ಕೆ ಆಕಾಶ ತಿರುಗೋದನ್ನ ತೋರಿಸಬೇಕು. ಯೇನಾ ಊರಿನ ಕಾರ್ಲ್ ಝೈಸ್ ಕಂಪನಿಯನ್ನು ಕೇಳಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಒಂದು ದೊಡ್ಡ ಟೊಳ್ಳು ಗೋಳ. ಜನ ಒಳಗೆ ಕೂರಬೇಕು, ಗೋಳ ಅವರ ಸುತ್ತ ತಿರುಗಬೇಕು. ಅದೇ ವರ್ಷ ಅಮೆರಿಕದ ಷಿಕಾಗೊದಲ್ಲಿ ಇಂಥದ್ದೊಂದು ಗೋಳ ತಯಾರಾಗಿತ್ತು: 15 ಅಡಿ ಅಗಲ, 692 ತೂತು. ಹೊರಗಿನ ಬೆಳಕು ತೂತಿನಿಂದ ಒಳಗೆ ಬಂದರೆ ಅದೇ ನಕ್ಷತ್ರ.

ಆದರೆ ಅದರಲ್ಲಿ ಕೂರೋಕೆ ಜಾಗ ಎಷ್ಟಿರುತ್ತೆ? ಇನ್ನೊಂದು ತೊಡಕೂ ಇತ್ತು. ನಕ್ಷತ್ರಕ್ಕೇನೋ ತೂತು ಕೊರೆದುಬಿಡಬಹುದು. ಗ್ರಹಗಳು ದಿನಾ ಜಾಗ ಬದಲಿಸ್ತವಲ್ಲ, ಅವಕ್ಕೆ ಎಲ್ಲಿ ಕೊರೆಯೋದು?

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು, ಕೆಲಸ ನಿಂತಿತು. 1919ರಲ್ಲಿ ಝೈಸ್‌ನ ಎಂಜಿನಿಯರ್ ವಾಲ್ಟರ್ ಬಾವರ್ಸ್‌ಫೆಲ್ಡ್ ಇಡೀ ಲೆಕ್ಕವನ್ನೇ ತಿರುವಿಹಾಕಿದರು. ಗುಮ್ಮಟ ಯಾಕೆ ತಿರುಗಬೇಕು? ಅದು ಬಿಳಿ ಪರದೆಯಾಗಿ ಸುಮ್ಮನೆ ನಿಂತಿರಲಿ. ಬೆಳಕು ಒಳಗಿನಿಂದ ಹೊರಗೆ ಹೋಗಲಿ. ನಡುವೆ ಇರುವ ಸಣ್ಣ ಯಂತ್ರ ತಿರುಗಿದರೆ ಸಾಕು.

1923ರ ಆಗಸ್ಟ್‌ನಲ್ಲಿ ಯೇನಾದ ಕಾರ್ಖಾನೆ ಚಾವಣಿ ಮೇಲೆ, 16 ಮೀಟರ್ ಅಗಲದ ಗುಮ್ಮಟದಲ್ಲಿ ಮೊದಲ ಪ್ರದರ್ಶನ ನಡೆಯಿತು. ಜರ್ಮನಿಯಲ್ಲಿ ಆಗ ಬ್ರೆಡ್ ತರೋಕೆ ಕಂತೆ ಕಂತೆ ನೋಟು ಹೊತ್ತು ಹೋಗಬೇಕಾಗಿದ್ದ ಕಾಲ. ಅಂಥ ಹೊತ್ತಿನಲ್ಲಿ 4,500 ನಕ್ಷತ್ರ ಒಟ್ಟಿಗೆ ಬೆಳಗಿದವು. ಜನ ಅದನ್ನು ‘ಯೇನಾದ ಅದ್ಭುತ’ ಅಂತ ಕರೆದರು.

ಇದು ಕೆಲಸ ಮಾಡೋದು ಹೀಗೆ. ಗೋಳದ ನಡುವೆ ಪ್ರಖರವಾದ ಒಂದು ದೀಪ. ಸುತ್ತ ಲೆನ್ಸ್‌ಗಳು. ಪ್ರತಿ ಲೆನ್ಸ್ ಹಿಂದೆ ಆಕಾಶದ ಒಂದು ತುಂಡಿನ ನಕ್ಷೆ, ಅದರಲ್ಲಿ ಸೂಜಿಮೊನೆಯಂಥ ತೂತುಗಳು. ತೂತು ದೊಡ್ಡದಾದರೆ ನಕ್ಷತ್ರ ಹೆಚ್ಚು ಹೊಳೆಯುತ್ತೆ. ತುಂಡುಗಳೆಲ್ಲ ಗುಮ್ಮಟದ ಮೇಲೆ ಅಂಚಿಗೆ ಅಂಚು ಕೂಡಿದಾಗ ಇಡೀ ಆಕಾಶ.

ಗ್ರಹಗಳ ಜಾಣ್ಮೆ ಇನ್ನೂ ಚೆಂದ. ಒಂದೊಂದು ಗ್ರಹಕ್ಕೂ ಬೇರೆ ಗೇರ್‌ಗಳು. ಒಂದು ಚಕ್ರ ಭೂಮಿ, ಇನ್ನೊಂದು ಮಂಗಳ ಅಂದುಕೊಳ್ಳಿ. ಎರಡನ್ನೂ ಒಂದು ಸರಳು ಜೋಡಿಸುತ್ತೆ, ಪುಟ್ಟ ಪ್ರೊಜೆಕ್ಟರ್ ಆ ಸರಳು ತೋರಿಸಿದ ದಿಕ್ಕಿಗೇ ನೋಡುತ್ತೆ. ಭೂಮಿ ಮಂಗಳವನ್ನು ಓವರ್‌ಟೇಕ್ ಮಾಡುವಾಗ ಗುಮ್ಮಟದ ಮೇಲೆ ಮಂಗಳ ಹಿಂದಕ್ಕೆ ನಡೆಯುತ್ತೆ. ಪಂಚಾಂಗದಲ್ಲಿ ‘ವಕ್ರ’ ಅಂತಾರಲ್ಲ, ಅದೇ. ಅದನ್ನ ಯಾರೂ ಬೇರೆಯಾಗಿ ಕೂಡಿಸಿಲ್ಲ. ಲೆಕ್ಕ ಸರಿಯಿದ್ದರೆ ತಾನಾಗೇ ಬರುತ್ತೆ.

ಮೊದಲ ಯಂತ್ರಕ್ಕೆ ಒಂದು ಕೊರತೆ ಇತ್ತು. ಅದಕ್ಕೆ ಗೊತ್ತಿದ್ದದ್ದು ಮ್ಯೂನಿಕ್‌ನ ಆಕಾಶ ಮಾತ್ರ. ನಮ್ಮ ಅಗಸ್ತ್ಯ ನಕ್ಷತ್ರ ಅಲ್ಲಿ ಹುಟ್ಟೋದೇ ಇಲ್ಲ, ಹಾಗಾಗಿ ಆ ಗುಮ್ಮಟದಲ್ಲೂ ಅಗಸ್ತ್ಯನಿಗೆ ಜಾಗ ಇರಲಿಲ್ಲ. ಮುಂದಿನ ಮಾದರಿಯಲ್ಲಿ ಇದು ಸರಿಹೋಯಿತು. ಉತ್ತರಕ್ಕೊಂದು ಗೋಳ, ದಕ್ಷಿಣಕ್ಕೊಂದು, ನಡುವೆ ಗ್ರಹಗಳ ಗೇರ್‌ಗಳು. ನೋಡೋಕೆ ಜಿಮ್‌ನ ಡಂಬೆಲ್ ತರ. ಸುಮಾರು 8,900 ನಕ್ಷತ್ರ. ಅಕ್ಷವನ್ನು ವಾಲಿಸಿದರೆ ಭೂಮಿಯ ಯಾವ ಊರಿನ ಆಕಾಶ ಬೇಕಾದರೂ ಕಾಣುತ್ತೆ.

ಇದನ್ನು ನಡೆಸುವ ಆಪರೇಟರ್ ಕೈಯಲ್ಲಿ ಇರೋದು ಕಾಲ! ಒಂದು ನಾಬ್ ತಿರುಗಿಸಿದರೆ ಒಂದು ದಿನ ಕೆಲವೇ ನಿಮಿಷದಲ್ಲಿ ಮುಗಿಯುತ್ತೆ, ಇನ್ನೊಂದರಿಂದ ವರ್ಷ ಓಡುತ್ತೆ. ಆದರೆ ಒಂದು ಕೆಲಸಕ್ಕೆ ಮಾತ್ರ ಅವಸರ ಮಾಡುವ ಹಾಗಿಲ್ಲ, ಅದು ಸೂರ್ಯಾಸ್ತ. ದೀಪ ತಟ್ಟನೆ ಆರಿಸಿದರೆ ಜನಕ್ಕೆ ಕತ್ತಲೆ ಬಿಟ್ಟು ಏನೂ ಕಾಣಲ್ಲ. ಕಣ್ಣು ಹೊಂದಿಕೊಳ್ಳೋಕೆ ಸಮಯ ಕೊಡಬೇಕು.

ಇವತ್ತು ಎಷ್ಟೋ ಕಡೆ ಡಿಜಿಟಲ್ ಪ್ರೊಜೆಕ್ಟರ್ ಬಂದಿದೆ. ಕಪ್ಪು ರಂಧ್ರದ ಪಕ್ಕದಲ್ಲಿ ಹಾರಿಹೋಗೋ ಹಾಗೆ ತೋರಿಸುತ್ತೆ, ನಿಜ. ಆದರೆ ವಿಡಿಯೊದ ಕಪ್ಪು ಪೂರ್ತಿ ಕಪ್ಪಲ್ಲ, ಸ್ವಲ್ಪ ಬೂದಿ. ತೂತಿನಿಂದ ಬಂದ ನಕ್ಷತ್ರದ ಸುತ್ತ ಇರೋದು ನಿಜವಾದ ಕತ್ತಲೆ.

ಆ ಕತ್ತಲೆಯೇ ಈಗ ಅಪರೂಪ. ಮಿಲ್ಲರ್ ಇದನ್ನು ಬಯಸಿದ್ದು ಆಕಾಶ ಹೇಗೆ ನಡೆಯುತ್ತೆ ಅಂತ ವಿವರಿಸೋಕೆ. ಇವತ್ತು ನಗರದ ಎಷ್ಟೋ ಮಕ್ಕಳು ತುಂಬಿದ ಆಕಾಶವನ್ನು ಮೊದಲ ಸಲ ನೋಡೋದೇ ಇಂಥ ಗುಮ್ಮಟದೊಳಗೆ. ಬೀದಿದೀಪಗಳು ನುಂಗಿದ್ದನ್ನು ಒಂದು ಬಲ್ಬು, ಒಂದಷ್ಟು ತೂತು ವಾಪಸ್ ಕೊಡ್ತಿವೆ.

ಆದರೂ ಅಸಲಿಯನ್ನು ಪೂರ್ತಿ ಬಿಟ್ಟುಕೊಡಬೇಡಿ. ಫೆಬ್ರವರಿ ನಡುವೆ, ರಾತ್ರಿ ಒಂಬತ್ತರ ಹೊತ್ತಿಗೆ ಟೆರೇಸ್ ಹತ್ತಿ ದಕ್ಷಿಣಕ್ಕೆ ತಿರುಗಿ. ಸ್ವಲ್ಪ ಕೆಳಗೇ ಒಂದು ದೊಡ್ಡ ಚುಕ್ಕೆ, ಬೆಂಗಳೂರಿನ ಬೆಳಕಿಗೂ ಜಗ್ಗದೆ ನಿಂತಿರುತ್ತೆ. ಅದೇ ಅಗಸ್ತ್ಯ, ಆ ಮೊದಲ ಯಂತ್ರಕ್ಕೆ ಸಿಗದೇ ಹೋದ ನಕ್ಷತ್ರ. ಫೋನ್ ಜೇಬಿಗಿಟ್ಟು ಐದು ನಿಮಿಷ ನೋಡಿ. ಮತ್ತೆ ಸಿಗೋಣ.